ರಾಗಿ ತಿಂದ್ರೂ ಶುಗರ್ ಬರುತ್ತಾ? ಮುದ್ದೆ ಸೀಮೆಗೆ ತಲೆಬಿಸಿ ತಂದ ಒಂದು ಸ್ಟಡಿ

2025ರಲ್ಲಿ ನೇಚರ್ ಮೆಡಿಸಿನ್ ಅನ್ನೋ ಜರ್ನಲ್‌ನಲ್ಲಿ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸೇರಿ ಮಾಡಿದ ಒಂದು ಸ್ಟಡಿ ಬಂತು. ನಮ್ಮ ದೇಶದ ಜನ ದಿನಾ ಏನ್ ತಿಂತಾರೆ, ಅದಕ್ಕೂ ಶುಗರ್‌ಗೂ ಬೊಜ್ಜಿಗೂ ಏನ್ ಸಂಬಂಧ ಅಂತ. ಅದರಲ್ಲಿ ಹತ್ತಾರು ವಿಷಯ ಇತ್ತು, ಆದ್ರೆ ವಾಟ್ಸಾಪ್ ಗ್ರೂಪ್‌ಗಳಿಗೆ ಬಂದು ಬಿದ್ದಿದ್ದು ಒಂದೇ ಒಂದು ಸಾಲು: ಅಕ್ಕಿ ಬಿಟ್ಟು ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ತಿಂದ್ರೂ ಶುಗರ್ ರಿಸ್ಕ್ ಕಮ್ಮಿ ಆಗಲ್ಲ.

ಬೇರೆ ಊರಲ್ಲಾದ್ರೆ ಇದು ಒಂದಿನದ ಸುದ್ದಿ. ಮಂಡ್ಯ ಮೈಸೂರು ಕಡೆ ಹಾಗಲ್ಲ. ಇಲ್ಲಿ ಡಾಕ್ಟ್ರು ಶುಗರ್ ಇದೆ ಅಂದ ತಕ್ಷಣ ಮನೇಲಿ ಮೊದಲು ಆಗೋ ಬದಲಾವಣೆನೇ ಅನ್ನ ಬಿಟ್ಟು ಎರಡೊತ್ತೂ ಮುದ್ದೆ. 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡ್ತು, ಸರ್ಕಾರ ಮೇಳ ಮಾಡ್ತು, ಅಂಗಡಿ ತುಂಬ ರಾಗಿ ಬಿಸ್ಕತ್ತು ನವಣೆ ನೂಡಲ್ಸ್ ಬಂತು, ಈಗ ಅದೇ ಸರ್ಕಾರದ ಸಂಸ್ಥೆ ಇದರಿಂದ ಏನೂ ಆಗಲ್ಲ ಅಂತಿದೆ ಅಂದ್ರೆ ಜನಕ್ಕೆ ಯಾರನ್ನ ನಂಬೋದು ಅನ್ಸೋದು ಸಹಜ. ಅದರ ಜೊತೆಗೆ 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ನೋಡಿ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗ್ಗೆನೇ ಕ್ಯೂ ನಿಂತಿದ್ದು ಇನ್ನೂ ಹಸಿಯಾಗೇ ಇದೆ. ಅದಾದ ಮೇಲೆ ಏನ್ ತಿಂದ್ರೆ ಬಚಾವು ಅನ್ನೋ ಪ್ರಶ್ನೆಗೆ ಫೋನ್ ತೆಗೆದ್ರೆ ಸಾಕು ನೂರು ಉತ್ತರ. ಒಬ್ರು ಪೂರ್ತಿ ಸಸ್ಯಾಹಾರಕ್ಕೆ ಬನ್ನಿ ಹಾಲೂ ಬೇಡ ಅಂತಾರೆ, ಇನ್ನೊಬ್ರು ಅನ್ನ ಮುದ್ದೆ ಎರಡೂ ಬಿಟ್ಟು ಮೊಟ್ಟೆ ಮಾಂಸ ತಿನ್ನಿ ಅಂತಾರೆ.

ಹಾಗಾಗಿ ಸ್ವಲ್ಪ ನಿಧಾನಕ್ಕೆ ಬಿಡಿಸಿ ನೋಡೋಣ.

ಸ್ಟಡಿ ಹೇಳಿದ್ದೇನು, ಹೇಳದೇ ಇದ್ದಿದ್ದೇನು

ಮೊದಲು ಹಿನ್ನೆಲೆ. ಐಸಿಎಂಆರ್-ಇಂಡಿಯಾಬ್ ಅಂತ ಒಂದು ದೊಡ್ಡ ಸರ್ವೆ ಇದೆ, ಹಂತಹಂತವಾಗಿ ಎಲ್ಲಾ ರಾಜ್ಯದಲ್ಲೂ ಮಾಡಿದ್ದು. 2023ರಲ್ಲಿ ಅದರ ಲೆಕ್ಕ ಹೊರಗೆ ಬಂದಾಗ ದೇಶದಲ್ಲಿ 10.1 ಕೋಟಿ ಜನಕ್ಕೆ ಶುಗರ್ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಅಂತ ಗೊತ್ತಾಯ್ತು. ಬಿಪಿ ಅಂತೂ ದೊಡ್ಡೋರಲ್ಲಿ ನೂರಕ್ಕೆ 35ಕ್ಕಿಂತ ಜಾಸ್ತಿ. ಅದೇ ಸರ್ವೆಯ ಊಟದ ಭಾಗನೇ 2025ರ ಈ ಸ್ಟಡಿ.

ಇದರ ಮುಖ್ಯ ಮಾತು ರಾಗಿ ಬಗ್ಗೆ ಇರಲೇ ಇಲ್ಲ. ನಾವು ದಿನಕ್ಕೆ ತಿನ್ನೋ ಒಟ್ಟು ಕ್ಯಾಲೊರಿನಲ್ಲಿ ನೂರಕ್ಕೆ 62 ಭಾಗ ಬರೀ ಕಾರ್ಬೋಹೈಡ್ರೇಟ್‌ನಿಂದ (ಕಾರ್ಬ್, ಅಂದ್ರೆ ಪಿಷ್ಟ ಸಕ್ಕರೆ ಅಂಶ) ಬರ್ತಿದೆ, ಅದೂ ಬಹುತೇಕ ಪಾಲಿಶ್ ಮಾಡಿದ ಅಕ್ಕಿ, ನುಣ್ಣಗೆ ಬೀಸಿದ ಹಿಟ್ಟು, ಸಕ್ಕರೆ ಇಂಥವುಗಳಿಂದ, ಪ್ರೋಟೀನ್ ಪಾಲು ಬರೀ 12ರ ಆಸುಪಾಸು ಅನ್ನೋದೇ ಅದರ ತಿರುಳು. ಹೀಗಿರುವಾಗ ಅನ್ನದ ಜಾಗಕ್ಕೆ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ಬಂದ್ರೆ ಕಾರ್ಬ್ ಜಾಗಕ್ಕೆ ಕಾರ್ಬೇ ಬಂದ ಹಾಗಾಯ್ತು, ಒಟ್ಟು ಮೊತ್ತ ಇಳೀಲಿಲ್ಲ, ಹಾಗಾಗಿ ರಿಸ್ಕೂ ಇಳಿದಿದ್ದು ಕಾಣಿಸಲಿಲ್ಲ. ಅದೇ ದಿನದ ಒಟ್ಟು ಕ್ಯಾಲೊರಿಯ ಬರೀ 5 ಪರ್ಸೆಂಟ್‌ನಷ್ಟನ್ನ ಕಾರ್ಬ್‌ನಿಂದ ತೆಗೆದು ಆ ಜಾಗಕ್ಕೆ ಬೇಳೆಕಾಳಿನದ್ದೋ ಹಾಲು ಮೊಸರಿನದ್ದೋ ಪ್ರೋಟೀನ್ ಬಂದ್ರೆ ಶುಗರ್ ಬರೋ ಸಾಧ್ಯತೆ ಕಮ್ಮಿ ಅಂತ ಲೆಕ್ಕ ತೋರಿಸ್ತು. ಕೆಂಪು ಮಾಂಸ ಹಾಕಿದಾಗ ಆ ಲಾಭ ಕಾಣಿಸಲಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಇದು ಯಾರಿಗೋ ಆರು ತಿಂಗಳು ಬೇಳೆ ತಿನ್ನಿಸಿ ರಕ್ತ ಪರೀಕ್ಷೆ ಮಾಡಿದ ಸ್ಟಡಿ ಅಲ್ಲ. ಸುಮಾರು 18,000 ಜನರ ಹತ್ರ ಏನೇನ್ ತಿಂತೀರ ಅಂತ ಕೇಳಿ, ಅವರ ರಕ್ತದ ರಿಪೋರ್ಟ್ ಪಕ್ಕದಲ್ಲಿಟ್ಟು, ಇವರು ಹೀಗೆ ತಿಂದಿದ್ರೆ ಏನಾಗ್ತಿತ್ತು ಅಂತ ಗಣಿತದಲ್ಲಿ ಹಾಕಿ ನೋಡಿದ್ದು. ಸಂಬಂಧ ತೋರಿಸುತ್ತೆ, ಇದರಿಂದಲೇ ಅದಾಯ್ತು ಅಂತ ಪ್ರಮಾಣ ಮಾಡಲ್ಲ.

ಹಾಗಾದ್ರೆ 2021ರ ಸುದ್ದಿ ಸುಳ್ಳಾ?

ತುಂಬ ಜನಕ್ಕೆ ನೆನಪಿರಬಹುದು, 2021ರಲ್ಲಿ ಹೈದರಾಬಾದ್‌ನ ಒಣಭೂಮಿ ಬೆಳೆಗಳ ಸಂಶೋಧನಾ ಸಂಸ್ಥೆ ಇಕ್ರಿಸಾಟ್ ಮುಂದಾಳತ್ವದಲ್ಲಿ ಹಲವು ದೇಶದ ಹಳೇ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ, ಸಿರಿಧಾನ್ಯ ರೆಗ್ಯುಲರ್ ಆಗಿ ತಿಂದ ಶುಗರ್ ಪೇಷೆಂಟ್‌ಗಳಲ್ಲಿ ಖಾಲಿ ಹೊಟ್ಟೆ ಶುಗರ್ 12 ಪರ್ಸೆಂಟ್, ಊಟದ ನಂತರದ್ದು 15 ಪರ್ಸೆಂಟ್ ಇಳೀತು ಅಂದಿದ್ರು. ಸಿರಿಧಾನ್ಯಗಳ ಸರಾಸರಿ ಗ್ಲೈಸೆಮಿಕ್ ಇಂಡೆಕ್ಸ್ (ತಿಂದ ಮೇಲೆ ರಕ್ತದಲ್ಲಿ ಸಕ್ಕರೆ ಎಷ್ಟು ಬೇಗ ಏರುತ್ತೆ ಅನ್ನೋ ಅಳತೆ) 52.7, ಬಿಳಿ ಅಕ್ಕಿ ಮೈದಾಗಿಂತ ಎಷ್ಟೋ ಕಮ್ಮಿ ಅಂತಲೂ ಹೇಳಿದ್ರು. ಅದೂ ನಿಜ, ಇದೂ ನಿಜ ಅಂದ್ರೆ ಹೇಗೆ?

ಎರಡೂ ಕೇಳಿದ ಪ್ರಶ್ನೆನೇ ಬೇರೆ. 2021ರದ್ದು ಇಷ್ಟು ಅಕ್ಕಿಗೆ ಬದಲು ಇಷ್ಟು ಸಿರಿಧಾನ್ಯ ಕೊಟ್ರೆ ರಕ್ತದಲ್ಲಿ ಸಕ್ಕರೆ ಹೇಗೆ ಏರುತ್ತೆ ಇಳಿಯುತ್ತೆ ಅಂತ ನೋಡಿದ ಅಧ್ಯಯನಗಳ ಒಟ್ಟು. ಅಲ್ಲಿ ಅಳತೆ ಇರುತ್ತೆ, ಎಷ್ಟು ಗ್ರಾಂ ಅಂತ ತೂಕ ಹಾಕಿ ಕೊಡ್ತಾರೆ, ಎಷ್ಟೋ ಕಡೆ ಇಡೀ ಕಾಳನ್ನೇ ಬೇಯಿಸಿರ್ತಾರೆ. 2025ರದ್ದು ಮನೆ ಊಟದ ಲೆಕ್ಕ. ಅಲ್ಲಿ ತಕ್ಕಡಿ ಇಲ್ಲ, ನುಣ್ಣನೆ ಹಿಟ್ಟು ಇದೆ, ಹೊಟ್ಟೆ ತುಂಬೋ ತನಕ ತಿನ್ನೋದಿದೆ, ಮೇಲೆ ಬೆಲ್ಲ ಹಾಕಿದ ರಾಗಿ ಮಾಲ್ಟೂ ಇದೆ. ಧಾನ್ಯದ ಗುಣ ಒಂದು, ಅದನ್ನ ನಾವು ತಿನ್ನೋ ರೀತಿ ಇನ್ನೊಂದು.

ಇನ್ನೂ ಒಂದು ಸಂಗತಿ ಆ ಸ್ಟಡಿನಲ್ಲೇ ಇದೆ. ಸಿರಿಧಾನ್ಯ ಇವತ್ತಿಗೂ ಮುಖ್ಯ ಆಹಾರವಾಗಿ ಉಳಿದಿರೋದು ಕರ್ನಾಟಕ, ಗುಜರಾತ್, ಮಹಾರಾಷ್ಟ್ರ ಈ ಮೂರು ರಾಜ್ಯದಲ್ಲಿ ಮಾತ್ರ. ಅಂದ್ರೆ ಬಿಹಾರದೋರಿಗೆ ಈ ಸುದ್ದಿ ಬರೀ ಓದೋಕೆ, ನಮಗೆ ತಟ್ಟೆ ವಿಷಯ.

ಕಾಳು ಹಿಟ್ಟಾದಾಗ ಏನಾಗುತ್ತೆ

ಪಿಷ್ಟ ಅನ್ನೋದು ಸಕ್ಕರೆಯ ಉದ್ದನೆ ಸರಪಳಿ. ಕರುಳಲ್ಲಿ ಅದು ತುಂಡಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತೆ. ಇಡೀ ಕಾಳಾದ್ರೆ ಹೊರಗಿನ ಹೊಟ್ಟು, ನಾರು ಎಲ್ಲ ಅಡ್ಡ ಇರೋದ್ರಿಂದ ಜೀರ್ಣರಸ ಒಳಗೆ ಹೋಗೋಕೆ ಟೈಮ್ ಹಿಡಿಯುತ್ತೆ, ಗ್ಲೂಕೋಸ್ ನಿಧಾನಕ್ಕೆ ಬಿಡುಗಡೆ ಆಗುತ್ತೆ. ನುಣ್ಣಗೆ ಬೀಸಿದ್ರೆ ಆ ಅಡ್ಡಿ ಒಡೆದು ಹೋಯ್ತು. ಮೇಲೆ ಕುದಿಯೋ ನೀರಲ್ಲಿ ಹಿಟ್ಟು ಹಾಕಿ ತೊಳಸಿ ಬೇಯಿಸಿದಾಗ ಪಿಷ್ಟ ನೀರು ಕುಡಿದು ಉಬ್ಬಿ ಇನ್ನೂ ಸಲೀಸಾಗಿ ಜೀರ್ಣ ಆಗುತ್ತೆ. ಹಿಟ್ಟು ತರಿತರಿಯಾಗಿದ್ರೆ ಒಂದು ಥರ, ಮೈದಾ ಥರ ನೈಸಾಗಿ ಬೀಸಿ ಜರಡಿ ಹಿಡಿದು ಹೊಟ್ಟನ್ನ ಆಚೆ ಹಾಕಿದ್ರೆ ಇನ್ನೊಂದು ಥರ. ಬ್ರಾಂಡೆಡ್ ಪ್ಯಾಕೆಟ್ ಹಿಟ್ಟು ಎಷ್ಟು ನೈಸಾಗಿದ್ರೆ ಅಷ್ಟು ಚೆನ್ನ ಅಂತ ತಗೊಳೋರು ಇದನ್ನ ಯೋಚಿಸಬೇಕು.

ಇನ್ನು ರಾಗಿ ಬಗ್ಗೆ ಇರೋ ಒಂದು ತಪ್ಪು ತಿಳುವಳಿಕೆ. ರಾಗಿ ಅಂದ್ರೆ ಶಕ್ತಿ, ಶಕ್ತಿ ಅಂದ್ರೆ ಪ್ರೋಟೀನ್ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ತೆಗೆದು ನೋಡಿದ್ರೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಮಾತ್ರ, ಬಿಳಿ ಅಕ್ಕಿಯಲ್ಲಿ ಹೆಚ್ಚೂಕಮ್ಮಿ 8 ಗ್ರಾಂ! ರಾಗಿ ಗೆಲ್ಲೋದು ಬೇರೆ ಕಡೆ: ನಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ 364 ಮಿಲಿಗ್ರಾಂ, ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ದಾಟಲ್ಲ. ಕಾರ್ಬ್ ರಾಗಿಯಲ್ಲಿ 67 ಗ್ರಾಂ, ಅಕ್ಕಿಯಲ್ಲಿ 78. ಸ್ವಲ್ಪ ಕಮ್ಮಿ ಹೌದು, ಆದ್ರೆ 67 ಅಂದ್ರೂ ಏನ್ ಸಣ್ಣ ನಂಬರ್ ಅಲ್ಲ. ರಾಗಿ ಒಳ್ಳೇ ಧಾನ್ಯನೇ, ಆದ್ರೆ ಅದೂ ಧಾನ್ಯನೇ.

ತಟ್ಟೇಲಿ ಬದಲಾಗಿದ್ದು ಯಾವುದು

"ನಮ್ಮ ತಾತ ಮೂರೊತ್ತೂ ಮುದ್ದೆ ಉಂಡು ತೊಂಬತ್ತು ವರ್ಷ ಬದುಕಿದ್ರು, ಅವರಿಗೆ ಯಾವ ಶುಗರ್ ಇತ್ತು" ಅನ್ನೋದು ಈ ಚರ್ಚೆಯಲ್ಲಿ ಬಂದೇ ಬರೋ ಮಾತು. ಇದನ್ನ ನಕ್ಕು ತಳ್ಳಿ ಹಾಕೋ ಹಾಗಿಲ್ಲ, ಇದರಲ್ಲಿ ಅರ್ಧ ಉತ್ತರ ಇದೆ.

ಆ ತಾತನ ತಟ್ಟೇಲಿ ಮುದ್ದೆ ಪಕ್ಕದಲ್ಲಿ ಏನಿತ್ತು? ಬಸ್ಸಾರು, ಉಪ್ಪೆಸರು, ಮಸ್ಸೊಪ್ಪು, ಮೊಳಕೆ ಹುರುಳಿ ಸಾರು, ಕಾಲಕ್ಕೆ ತಕ್ಕ ಹಾಗೆ ಅವರೆಕಾಯಿ, ಅಲಸಂದೆ ಕಾಳು. ಬಸ್ಸಾರು ಅಂದ್ರೆ ಸೊಪ್ಪು ಕಾಳು ಎರಡೂ ಬೇಯಿಸಿ ಬಸಿದು, ಆ ಕಟ್ಟಲ್ಲಿ ಸಾರು, ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ಸೊಪ್ಪಿನ ನಾರು, ಕಾಳಿನ ಪ್ರೋಟೀನ್ ಎರಡೂ ಮುದ್ದೆ ಜೊತೆಗೇ ಹೊಟ್ಟೆಗೆ ಹೋಗ್ತಿತ್ತು, ಹಾಗೆ ಹೋದಾಗ ಮುದ್ದೆಯ ಪಿಷ್ಟ ರಕ್ತಕ್ಕೆ ಸೇರೋ ವೇಗ ಇಳಿಯುತ್ತೆ. ಇವತ್ತು ಯೂಟ್ಯೂಬ್‌ನಲ್ಲಿ ದುಡ್ಡು ತಗೊಂಡು ಹೇಳಿಕೊಡೋ ಪ್ಲಾಂಟ್ ಬೇಸ್ಡ್ ಡಯಟ್‌ಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ, ಪ್ಯಾಕಿಂಗ್ ಒಂದು ಬಿಟ್ರೆ. ಅದೂ ಅಲ್ಲದೆ ತಾತ ಬೆಳಗ್ಗೆಯಿಂದ ಸಂಜೆ ತನಕ ಗದ್ದೆಯಲ್ಲಿ ಮೈ ಬಗ್ಗಿಸ್ತಿದ್ರು. ಊಟದ ಗ್ಲೂಕೋಸ್‌ನ ಜಾಸ್ತಿ ಹೀರಿಕೊಳ್ಳೋದು ಸ್ನಾಯು, ದುಡಿಯೋ ಸ್ನಾಯುವಿಗೆ ಕಮ್ಮಿ ಇನ್ಸುಲಿನ್ ಸಾಕು. ಈಗ ಉಳೋಕೆ ಟ್ರ್ಯಾಕ್ಟರ್, ಕೊಯ್ಯೋಕೆ ಮಷಿನ್, ತೋಟಕ್ಕೆ ಹೋಗೋಕೂ ಬೈಕು. ಊಟದ ಅಳತೆ ಮಾತ್ರ ಹಳೇದೇ.

ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳದ ಹಾಗೆ ಆಗಿದ್ದು. ಕೆಆರ್‌ಎಸ್ ಕಟ್ಟಿ, ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ಮಂಡ್ಯದ ಒಣಭೂಮಿ ಭತ್ತ ಕಬ್ಬಿಗೆ ತಿರುಗ್ತು, 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಬಂತು. ಅದು ಈ ಸೀಮೆಗೆ ಅನ್ನ ಕೊಟ್ಟ ಕೆಲಸ, ಅದನ್ನ ಯಾರೂ ಅಲ್ಲಗಳೆಯೋಕಾಗಲ್ಲ. ಆದ್ರೆ ಹಬ್ಬಕ್ಕೆ ಮಾತ್ರ ಇದ್ದ ಅನ್ನ ದಿನದ ಊಟಕ್ಕೆ ಬಂತು. ಬಂದಾಗ ಮುದ್ದೆ ಜಾಗ ಬಿಟ್ಟುಕೊಡಲಿಲ್ಲ, ಸೊಪ್ಪು ಕಾಳು ಬಿಟ್ಟುಕೊಡ್ತು. ಈಗ ಸುಮಾರು ಮನೇಲಿ ಮೊದಲು ಒಂದು ಮುದ್ದೆ, ಆಮೇಲೆ ಎರಡು ಸೌಟು ಅನ್ನ, ಸಾರು ತೆಳ್ಳಗೆ, ಕೊನೆಗೆ ಸ್ವಲ್ಪ ಮಜ್ಜಿಗೆ. ಒಂದು ಮುದ್ದೆಗೆ 100 ಗ್ರಾಂ ಹಿಟ್ಟು, ಅನ್ನಕ್ಕೆ 70 ಗ್ರಾಂ ಅಕ್ಕಿ ಅಂತ ಇಟ್ಕೊಂಡ್ರೂ ಒಂದೇ ಹೊತ್ತಿಗೆ 120 ಗ್ರಾಂ ಕಾರ್ಬ್ ಆಯ್ತು. ಶುಗರ್ ಇದೆ ಅಂತ ಗೊತ್ತಾದ ಮೇಲೆ ಅನ್ನ ಬಿಟ್ಟು ಎರಡು ಮುದ್ದೆ ಮಾಡ್ಕೊಂಡ್ರೆ ಆ 120 ಈಗ 134 ಆಗುತ್ತೆ! ಐಸಿಎಂಆರ್ ಸ್ಟಡಿ ಹೇಳಿದ್ದು ಇದನ್ನೇ, ಬೇರೆ ಮಾತಲ್ಲಿ.

ಸಸ್ಯಾಹಾರ ಒಂದೇ ಸಾಕಾ

ಇಲ್ಲಿಗೆ ದೊಡ್ಡ ಪ್ರಶ್ನೆ ಬರುತ್ತೆ. ಸಸ್ಯದಿಂದ ಬಂದ ಆಹಾರ ತಿಂದ್ರೆ ಶುಗರ್, ಹಾರ್ಟ್ ಪ್ರಾಬ್ಲಂ ತಡೀಬಹುದು ಅಂತ ಅಮೆರಿಕಾ ಯುರೋಪಿನಿಂದ ಸ್ಟಡಿ ಮೇಲೆ ಸ್ಟಡಿ ಬರ್ತಿರುತ್ತೆ. ಹಾಗಿದ್ರೆ ಹುಟ್ಟಿದಾಗಿನಿಂದ ಮೊಟ್ಟೆನೂ ಮುಟ್ಟದೇ ಇರೋರಿಗೆ ಶುಗರ್ ಬರಲೇಬಾರದಿತ್ತು ತಾನೇ? ಮೈಸೂರಿನ ಯಾವ ಡಯಾಬಿಟಿಸ್ ಕ್ಲಿನಿಕ್ಕಿನ ಮುಂದೆ ನಿಂತ್ರೂ ಉತ್ತರ ಸಿಗುತ್ತೆ.

ಹಾರ್ವರ್ಡ್‌ನವರು 2016ರಲ್ಲಿ ಈ ಗಂಟನ್ನ ಚೆನ್ನಾಗಿ ಬಿಡಿಸಿದ್ರು. ಎರಡು ಲಕ್ಷಕ್ಕೂ ಜಾಸ್ತಿ ಅಮೆರಿಕನ್ ಆರೋಗ್ಯ ಸಿಬ್ಬಂದಿಯನ್ನ ಎರಡು ದಶಕ ಹಿಂಬಾಲಿಸಿದ ಲೆಕ್ಕ ಅದು. ಸಸ್ಯಾಹಾರವನ್ನೇ ಎರಡು ಭಾಗ ಮಾಡಿದ್ರು. ಒಂದು ಕಡೆ ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜಗಳು. ಇನ್ನೊಂದು ಕಡೆ ಪಾಲಿಶ್ ಮಾಡಿದ ಧಾನ್ಯ, ಆಲೂಗಡ್ಡೆ, ಸಿಹಿ, ಸಕ್ಕರೆ ಹಾಕಿದ ಜ್ಯೂಸು. ಮೊದಲನೇ ಥರ ತಿಂದೋರಲ್ಲಿ ಶುಗರ್ ಬರೋ ರಿಸ್ಕ್ 34 ಪರ್ಸೆಂಟ್ ಕಮ್ಮಿ. ಎರಡನೇ ಥರ ತಿಂದೋರಲ್ಲಿ 16 ಪರ್ಸೆಂಟ್ ಜಾಸ್ತಿ. ಮರುವರ್ಷ ಹೃದಯದ ಕಾಯಿಲೆಗೂ ಹೀಗೇ ನೋಡಿದಾಗ ಒಂದು ಕಡೆ 25 ಕಮ್ಮಿ, ಇನ್ನೊಂದು ಕಡೆ 32 ಜಾಸ್ತಿ ಬಂತು. ಎರಡೂ ಗಿಡದಿಂದ ಬಂದಿದ್ದೇ!

ಈ ಕನ್ನಡಕ ಹಾಕ್ಕೊಂಡು ನಮ್ಮ ಕಡೆ ನೋಡಿ. ಬೆಳಗ್ಗೆ ಮಸಾಲೆ ದೋಸೆ, ಅದರೊಳಗೆ ಆಲೂಗಡ್ಡೆ ಪಲ್ಯ, ಹತ್ತು ಗಂಟೆಗೆ ಸಕ್ಕರೆ ಹಾಕಿದ ಕಾಫಿ ಜೊತೆ ಬಿಸ್ಕತ್ತು, ಮಧ್ಯಾಹ್ನ ಅನ್ನ ಸಾರು, ಸಂಜೆ ಮದ್ದೂರು ವಡೆ, ರಾತ್ರಿ ಮತ್ತೆ ಅನ್ನ, ಮಧ್ಯೆ ಯಾರದ್ದೋ ಮನೆ ಗೃಹಪ್ರವೇಶದ ಮೈಸೂರ್ ಪಾಕು. ಶುದ್ಧ ಸಸ್ಯಾಹಾರ, ಒಂದು ಚೂರೂ ಮಾಂಸ ಇಲ್ಲ. ಹಾರ್ವರ್ಡ್ ಪಟ್ಟಿಯಲ್ಲಿ ಎರಡನೇ ಗುಂಪಿಗೇ ಹೋಗುತ್ತೆ. ಬೆಲ್ಲದ ಕಥೆನೂ ಇಷ್ಟೇ, ಆಲೆಮನೆಯಿಂದ ನೇರ ತಂದಿದ್ದು, ಕೆಮಿಕಲ್ ಹಾಕಿಲ್ಲ, ಹಾಗಾಗಿ ಶುಗರ್ ಇರೋರೂ ತಿನ್ನಬಹುದು ಅಂತ ಮಾರೋರಿದ್ದಾರೆ, ಆದ್ರೆ ಬೆಲ್ಲದಲ್ಲಿ ಬಹುಪಾಲು ಇರೋದು ಸಕ್ಕರೆಯಲ್ಲಿರೋ ಅದೇ ಸುಕ್ರೋಸ್.

ಬಿಳಿ ಅನ್ನದ ಬಗ್ಗೆನೂ 2020ರಲ್ಲಿ 21 ದೇಶದ 1.32 ಲಕ್ಷ ಜನರ ಸ್ಟಡಿ ಬಂದಿತ್ತು. ದಕ್ಷಿಣ ಏಷ್ಯಾದೋರು ದಿನಕ್ಕೆ ಸುಮಾರು 630 ಗ್ರಾಂ ಬೇಯಿಸಿದ ಅನ್ನ ತಿಂತಾರೆ, ಎಲ್ಲರಿಗಿಂತ ಜಾಸ್ತಿ, ಮತ್ತು ಅವರಲ್ಲೇ ಜಾಸ್ತಿ ತಿನ್ನೋರಿಗೆ ಕಮ್ಮಿ ತಿನ್ನೋರಿಗಿಂತ ಶುಗರ್ ರಿಸ್ಕ್ 61 ಪರ್ಸೆಂಟ್ ಹೆಚ್ಚು ಅಂತ ಬಂತು.

ಯಾರ್ಯಾರ ವಾದ ಏನು

ಮೈಸೂರಲ್ಲೇ ನೆಲೆಸಿರೋ, 2023ರಲ್ಲಿ ಪದ್ಮಶ್ರೀ ಬಂದ ಖಾದರ್ ವಲಿ ಅವರ ಮಾತು ಈ ಭಾಗದಲ್ಲಿ ಎಲ್ಲರಿಗಿಂತ ಜಾಸ್ತಿ ಓಡುತ್ತೆ. ನವಣೆ, ಸಾಮೆ, ಊದಲು, ಹಾರಕ, ಕೊರಲೆ ಈ ಐದನ್ನ ನೆನೆಸಿ ಬೇಯಿಸಿ ತಿನ್ನಿ, ಅಕ್ಕಿ ಗೋಧಿ ಸಕ್ಕರೆ ಹಾಲು ಬಿಡಿ ಅನ್ನೋದು ಅವರ ದಾರಿ. ತಮಾಷೆ ಅಂದ್ರೆ ರಾಗಿಯನ್ನ ಅವರೂ ಆ ಐದರಲ್ಲಿ ಸೇರಿಸಿಲ್ಲ, ತಟಸ್ಥ ಧಾನ್ಯ ಅಂತ ಪಕ್ಕಕ್ಕಿಟ್ಟಿದ್ದಾರೆ, ಮುದ್ದೆ ಪರವಾಗಿ ಅವರ ಹೆಸರು ಹೇಳೋರು ಇದನ್ನ ಗಮನಿಸಿದ ಹಾಗಿಲ್ಲ. ಅವರ ದಾರಿಯಲ್ಲಿ ನಡೆದು ಶುಗರ್ ಇಳೀತು ಅನ್ನೋರು ಬೇಕಾದಷ್ಟು ಜನ ಸಿಗ್ತಾರೆ, ಅವರೆಲ್ಲ ಸುಳ್ಳು ಹೇಳ್ತಿದ್ದಾರೆ ಅಂತಲ್ಲ. ಇಡೀ ಕಾಳು, ಸಕ್ಕರೆ ಬಂದ್, ಬೇಕರಿ ಬಂದ್, ಜೊತೆಗೆ ವಾಕಿಂಗ್ ಅಂದಾಗ ಯಾವ ಮೈಯಾದ್ರೂ ಸುಧಾರಿಸುತ್ತೆ. ಆದ್ರೆ ಇಂಥ ಧಾನ್ಯ ಇಂಥ ಕಾಯಿಲೆ ವಾಸಿ ಮಾಡುತ್ತೆ ಅನ್ನೋ ಮಟ್ಟಕ್ಕೆ ಹೋದ್ರೆ ಅದಕ್ಕೆ ಬೇಕಾದ ಗಟ್ಟಿ ಪುರಾವೆ ಇಲ್ಲ.

ಇನ್ನೊಂದು ಕಡೆ ಲೋ ಕಾರ್ಬ್‌ನೋರು. ಕಾರ್ಬೇ ವೈರಿ, ಹಾಗಾಗಿ ಮೊಟ್ಟೆ, ಚಿಕನ್, ಮಟನ್, ತುಪ್ಪ. ಕಾರ್ಬ್ ಜಾಸ್ತಿ ಆಗಿದೆ ಅನ್ನೋದರಲ್ಲಿ ಅವರು ಸರಿ, ಐಸಿಎಂಆರ್ ಕೂಡ ಅದನ್ನೇ ಹೇಳಿದ್ದು. ಶುಗರ್ ಕೆಲವು ತಿಂಗಳಲ್ಲಿ ಇಳಿಯೋದೂ ಹೌದು. ಆದ್ರೆ ಆ ಜಾಗಕ್ಕೆ ಮಟನ್ನು ತುಪ್ಪ ಬಂದ್ರೆ ಸ್ಯಾಚುರೇಟೆಡ್ ಕೊಬ್ಬು ಏರುತ್ತೆ, ಕೆಟ್ಟ ಕೊಲೆಸ್ಟ್ರಾಲ್ ಏರುತ್ತೆ, ಶುಗರ್ ಇರೋರಿಗೆ ಮೊದಲೇ ಹಾರ್ಟ್ ರಿಸ್ಕ್ ಜಾಸ್ತಿ.

ಮೂರನೇದು ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ. 2,000 ಕ್ಯಾಲೊರಿಗೆ ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು 400, ಹಣ್ಣು 100, ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85, ಬೀಜಗಳು 35 ಗ್ರಾಂ, ಹಾಲು ಮೊಸರು 300 ಮಿಲಿ, ಎಣ್ಣೆ 27 ಗ್ರಾಂ. ನೀರಸವಾಗಿದೆ, ರೀಲ್ಸ್‌ನಲ್ಲಿ ಯಾರೂ ನೋಡಲ್ಲ, ಆದ್ರೆ ಮೂರರಲ್ಲಿ ನಮ್ಮ ಬಸ್ಸಾರು ಮುದ್ದೆಗೆ ತೀರಾ ಹತ್ತಿರ ಇರೋದು ಇದೇ.

ಮಂಡ್ಯದಲ್ಲಿ ಈ ಮಾತು ಆಡುವಾಗ ಇನ್ನೊಂದು ತೊಡಕಿದೆ. ಸಸ್ಯಾಹಾರ ಅಂದ ಕೂಡಲೇ ಇದು ಯಾರ ಊಟ, ಯಾರು ಯಾರಿಗೆ ಹೇಳ್ತಿದ್ದಾರೆ ಅನ್ನೋ ಪ್ರಶ್ನೆ ಏಳುತ್ತೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟಕ್ಕಾಗಿ ನಡೆದ ಹೋರಾಟ ಎಲ್ಲರೂ ನೋಡಿದ್ದೇ. ಆ ಹೋರಾಟದ ಪ್ರಶ್ನೆ ಗೌರವದ್ದು, ಅದಕ್ಕೆ ಆರೋಗ್ಯದ ಸ್ಟಡಿ ಇಟ್ಕೊಂಡು ಉತ್ತರ ಕೊಡೋಕೆ ಹೋಗೋದು ತಪ್ಪು, ಕೊಡೋ ಅಗತ್ಯನೂ ಇಲ್ಲ. ಯಾಕಂದ್ರೆ ಇಲ್ಲಿ ಬಾಡು ತಿನ್ನೋ ಹೆಚ್ಚಿನ ಮನೆಗಳಲ್ಲೂ ಅದು ವಾರಕ್ಕೊಂದು ಸಲ, ಹಬ್ಬ ಹರಿದಿನಕ್ಕೆ. ಉಳಿದ ದಿನದ ಕ್ಯಾಲೊರಿ ಬಹುತೇಕ ಗಿಡದಿಂದಲೇ ಬರೋದು. ಶುಗರ್ ತಡೆಯೋ ಕೆಲಸ ಭಾನುವಾರದ ನಾಟಿ ಕೋಳಿ ಸಾರಿನಲ್ಲಿ ಇಲ್ಲ, ಸೋಮವಾರದಿಂದ ಶನಿವಾರದ ತನಕ ತಿನ್ನೋ ಅನ್ನದ ರಾಶಿಯಲ್ಲಿದೆ.

5 ಪರ್ಸೆಂಟ್ ಅಂದ್ರೆ ಅಡುಗೆಮನೇಲಿ ಎಷ್ಟು

ದಿನಕ್ಕೆ 2,000 ಕ್ಯಾಲೊರಿ ತಿನ್ನೋರ ಲೆಕ್ಕ ತಗೊಳ್ಳಿ. ಅದರಲ್ಲಿ 62 ಪರ್ಸೆಂಟ್ ಅಂದ್ರೆ 1,240 ಕ್ಯಾಲೊರಿ, ಒಂದು ಗ್ರಾಂ ಕಾರ್ಬ್‌ಗೆ 4 ಕ್ಯಾಲೊರಿ, ಹಾಗಾಗಿ 310 ಗ್ರಾಂ ಕಾರ್ಬ್. ಇದರಿಂದ ಒಟ್ಟು ಕ್ಯಾಲೊರಿಯ 5 ಪರ್ಸೆಂಟ್, ಅಂದ್ರೆ 100 ಕ್ಯಾಲೊರಿ, ಬದಲಾಯಿಸೋಕೆ 25 ಗ್ರಾಂ ಕಾರ್ಬ್ ಇಳಿಸಿ 25 ಗ್ರಾಂ ಪ್ರೋಟೀನ್ ಏರಿಸಬೇಕು.

ಕೇಳೋಕೆ ಸುಲಭ, ಮಾಡೋಕೆ ಸ್ವಲ್ಪ ಕಷ್ಟ. ಯಾಕಂದ್ರೆ ಬೇಳೇಲೂ ಕಾರ್ಬ್ ಇದೆ. 100 ಗ್ರಾಂ ತೊಗರಿ ಬೇಳೆಯಲ್ಲಿ ಪ್ರೋಟೀನ್ 22 ಗ್ರಾಂ, ಕಾರ್ಬ್ 55. ಹುರುಳಿನೂ ಹೆಚ್ಚೂಕಮ್ಮಿ ಹಾಗೇ. ದಿನದ ಅಕ್ಕಿಯಲ್ಲಿ 100 ಗ್ರಾಂ ಕಮ್ಮಿ ಮಾಡಿ 100 ಗ್ರಾಂ ಕಾಳು ಜಾಸ್ತಿ ಮಾಡಿದ್ರೆ ಕಾರ್ಬ್ ಸುಮಾರು 23 ಗ್ರಾಂ ಇಳಿಯುತ್ತೆ, ಪ್ರೋಟೀನ್ 14 ಗ್ರಾಂ ಏರುತ್ತೆ. ಉಳಿದ 11 ಗ್ರಾಂ ಪ್ರೋಟೀನ್‌ಗೆ ಒಂದು ಬಟ್ಟಲು ಮೊಸರು, ಒಂದು ಹಿಡಿ ಕಡಲೆಕಾಯಿ ಬೀಜ, ತಿನ್ನೋರಿಗೆ ಒಂದು ಮೊಟ್ಟೆ. ಆದ್ರೆ ಬೀಜ ಮೊಸರು ಸೇರಿಸಿದಷ್ಟು ಅನ್ನ ಇನ್ನೂ ಸ್ವಲ್ಪ ಇಳಿಸಬೇಕು, ಮೇಲಿಂದ ಸೇರಿಸಿದ್ರೆ ತೂಕ ಏರುತ್ತೆ.

100 ಗ್ರಾಂ ಕಾಳು ಅಂದ್ರೆ ಒಬ್ಬರಿಗೆ ಎರಡೊತ್ತಿಗೆ ಸೇರಿ ಒಳ್ಳೇ ಎರಡು ಬಟ್ಟಲು ಗಟ್ಟಿ ಸಾರು, ತಟ್ಟೇಲಿ ಕಾಳು ಕಾಣಬೇಕು. ಐದು ಜನಕ್ಕೆ ಒಂದು ಹಿಡಿ ಬೇಳೆ ಹಾಕಿ ಹುಣಸೆಹುಳಿ ನೀರು ಹೊಯ್ದಿದ್ದು ರುಚಿಗೆ ಸಾರು, ಪ್ರೋಟೀನ್ ಲೆಕ್ಕಕ್ಕೆ ಬಿಸಿನೀರು.

ಬರೀ ಶುಗರ್ ಅಲ್ಲ, ಬಿಪಿಗೂ ಇದು ತಾಗುತ್ತೆ. ಸೊಪ್ಪು ಕಾಳಲ್ಲಿ ಪೊಟ್ಯಾಸಿಯಂ ಇರೋದ್ರಿಂದ ಬಿಪಿ ಇಳಿಯೋಕೆ ಸಹಾಯ ಆಗುತ್ತೆ, ಆದ್ರೆ ಪಕ್ಕದಲ್ಲೇ ಉಪ್ಪಿನಕಾಯಿ ಹಪ್ಪಳ ಇದ್ರೆ ಆ ಲಾಭ ಅಲ್ಲೇ ತಿಂದುಹಾಕುತ್ತೆ. ನಮ್ಮ ದೇಶದೋರು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿಂತಾರೆ, ಇರಬೇಕಾದ್ದು 5 ಗ್ರಾಂ ಒಳಗೆ.

ಯಾರು ಹುಷಾರಾಗಿರಬೇಕು

ಇನ್ಸುಲಿನ್ ತಗೊಳೋರು, ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳೋರು ಒಮ್ಮೆಲೇ ಅನ್ನ ಮುದ್ದೆ ಅರ್ಧ ಮಾಡಿದ್ರೆ ಶುಗರ್ ತೀರಾ ಕೆಳಗೆ ಹೋಗಿ ತಲೆಸುತ್ತಿ ಬೀಳಬಹುದು, ಡೋಸ್ ಬದಲಾಯಿಸಬೇಕಾಗುತ್ತೆ, ಡಾಕ್ಟ್ರಿಗೆ ಮೊದಲೇ ಹೇಳಿ. ಕಿಡ್ನಿ ತೊಂದರೆ ಇರೋರಿಗೆ ಸೊಪ್ಪು, ಕಾಳು, ಎಳನೀರಿನ ಪೊಟ್ಯಾಸಿಯಂ ಅಪಾಯ ಆಗಬಹುದು, ಮೇಲೆ ಬರೆದ ಲೆಕ್ಕ ಅವರಿಗೆ ಅಲ್ಲವೇ ಅಲ್ಲ. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳೋರು ಸೊಪ್ಪು ಒಂದೇ ಸಲ ಜಾಸ್ತಿ ಮಾಡಬಾರದು.

ಹಾಲು ಮೊಸರೂ ಬಿಟ್ಟು ಪೂರ್ತಿ ಸಸ್ಯಕ್ಕೆ ಹೋಗ್ತೀನಿ ಅನ್ನೋರಿಗೆ ವಿಟಮಿನ್ ಬಿ12 ದೊಡ್ಡ ವಿಷಯ. ಅದು ಸೊಪ್ಪಲ್ಲಿಲ್ಲ, ಕಾಳಲ್ಲಿಲ್ಲ, ಯಾವ ಸಿರಿಧಾನ್ಯದಲ್ಲೂ ಇಲ್ಲ. ಅದರ ಮೇಲೆ ಶುಗರ್‌ಗೆ ಎಲ್ಲರಿಗೂ ಮೊದಲು ಬರೆಯೋ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಗೊಂಡ್ರೆ ಮೈ ಬಿ12 ಹೀರಿಕೊಳ್ಳೋದನ್ನ ಕಮ್ಮಿ ಮಾಡುತ್ತೆ. ಕಾಲು ಜೋಮು ಹಿಡಿದ್ರೆ ಶುಗರ್‌ನಿಂದ ಅಂತ ಸುಮ್ಮನಾಗ್ತಾರೆ, ಎಷ್ಟೋ ಸಲ ಅದು ಬಿ12 ಕೊರತೆ ಆಗಿರುತ್ತೆ. ಇಂಗ್ಲೆಂಡಿನ ಎಪಿಕ್-ಆಕ್ಸ್‌ಫರ್ಡ್ ಸ್ಟಡಿ 2019ರಲ್ಲಿ ಸಸ್ಯಾಹಾರಿಗಳಿಗೆ ಹೃದಯದ ಕಾಯಿಲೆ 22 ಪರ್ಸೆಂಟ್ ಕಮ್ಮಿ ಅಂದಿದ್ದರ ಜೊತೆಗೇ ಸ್ಟ್ರೋಕ್ 20 ಪರ್ಸೆಂಟ್ ಜಾಸ್ತಿ ಅಂತಲೂ ಹೇಳ್ತು, ಅದಕ್ಕೆ ಬಿ12 ಕಮ್ಮಿ ಇರೋದೂ ಒಂದು ಕಾರಣ ಇರಬಹುದು ಅನ್ನೋ ಅನುಮಾನ ಇದೆ. ಮೊದಲನೇ ಸಾಲು ಮಾತ್ರ ಪೋಸ್ಟರ್ ಮೇಲೆ ಬರುತ್ತೆ.

ರೇಷನ್ ಅಂಗಡಿ, ಮಂಡಿ

ಇಷ್ಟೆಲ್ಲಾ ಹೇಳಿದ ಮೇಲೂ ಜನ ತಿನ್ನೋದು ಕೈಗೆ ಸಿಗೋದನ್ನ, ಅಗ್ಗವಾಗಿರೋದನ್ನ. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವು ಇಳಿಸಿದ್ದು ಸುಳ್ಳಲ್ಲ. ಆದ್ರೆ 2025ರಲ್ಲಿ ಕೊಡ್ತಿದ್ದ ಹಾಗೆ ಒಬ್ಬರಿಗೆ ತಿಂಗಳಿಗೆ 10 ಕೆಜಿ ಅಂದ್ರೆ ದಿನಕ್ಕೆ 333 ಗ್ರಾಂ ಧಾನ್ಯ ಆಯ್ತು, ಅದೂ ಮನೆಯ ಸಣ್ಣ ಮಗುವಿನ ಹೆಸರಿಗೂ, ಪೋಷಣಾ ಸಂಸ್ಥೆ ದೊಡ್ಡೋರಿಗೆ ಹೇಳಿದ್ದೇ 250 ಗ್ರಾಂ. ಧಾನ್ಯ ಬಿಟ್ಟಿ ಸಿಕ್ಕಿ ಬೇಳೆ ದುಡ್ಡು ಕೊಟ್ಟು ತರಬೇಕಾದಾಗ ಯಾವ ಬಡವರ ತಟ್ಟೆ ಯಾವ ಕಡೆ ವಾಲುತ್ತೆ ಅಂತ ಹೇಳೋಕೆ ಸ್ಟಡಿ ಬೇಕಾಗಿಲ್ಲ. ಶುಗರ್ ಶ್ರೀಮಂತರ ಕಾಯಿಲೆ ಅನ್ನೋ ಮಾತು ಹಳ್ಳಿಗಳಲ್ಲಿ ಮುರಿದು ಬೀಳ್ತಿರೋದಕ್ಕೆ ಇದೂ ಒಂದು ಕಾರಣ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರೋ ಇಂದಿರಾ ಕಿಟ್ ಕೊಡೋ ತೀರ್ಮಾನ ತಗೊಳ್ತು. ಅಕ್ಕಿ ಕಾಳಸಂತೆಗೆ ಹೋಗ್ತಿದೆ ಅನ್ನೋದು ಮುಖ್ಯ ಕಾರಣವಾಗಿ ಬಂತು, ಆದ್ರೆ ಆರೋಗ್ಯದ ಲೆಕ್ಕದಲ್ಲಿ ಇದೇ ಸರಿಯಾದ ದಿಕ್ಕು, ಬೇಳೆ ಮಟ್ಟಿಗೆ. ಅದೇ ಕಿಟ್‌ನಲ್ಲಿ ಸಕ್ಕರೆ ಯಾಕೆ ಅನ್ನೋದನ್ನ ಆರೋಗ್ಯ ಇಲಾಖೆ ಆಹಾರ ಇಲಾಖೆಯನ್ನ ಕೇಳಬೇಕಿತ್ತು.

ಈ ಸ್ಟಡಿಯನ್ನ ತಪ್ಪಾಗಿ ಓದಿದ್ರೆ ಪೆಟ್ಟು ಬೀಳೋದು ನಾಗಮಂಗಲದಂಥ ಒಣಭೂಮಿ ರೈತರಿಗೆ. ರಾಗಿಯಿಂದ ಉಪಯೋಗ ಇಲ್ವಂತೆ ಅಂತ ಪೇಟೆಯೋರು ಮತ್ತೆ ಬಿಳಿ ಅಕ್ಕಿಗೆ ಹೋದ್ರೆ ನಾರು ಕ್ಯಾಲ್ಸಿಯಂ ಎರಡೂ ಕಳ್ಕೊಂಡ್ರು, ನೀರು ಕಮ್ಮಿ ಬೇಡೋ ಬೆಳೆಗೆ ಇದ್ದ ಮಾರ್ಕೆಟ್ಟೂ ಹೋಯ್ತು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ತಳಿ ಸೇರಿಸಿ ಇಂಡಾಫ್ ತಳಿಗಳನ್ನ ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರಿಂದಾಗಿ ಈ ಸೀಮೆಯ ರಾಗಿ ಇಳುವರಿ ಏರಿತ್ತು, ಬೆಂಬಲ ಬೆಲೆಗೆ ಸರ್ಕಾರ ಖರೀದಿ ಕೇಂದ್ರ ತೆರೆದು ರಾಗಿ ಕೊಳ್ಳೋದೂ ಇದೆ. ಸರಿಯಾಗಿ ಓದಿದ್ರೆ ಮುಂದಿನ ಪ್ರಶ್ನೆ ಕಾಳಿನದ್ದು. ಬೆಂಬಲ ಬೆಲೆ ಪಟ್ಟಿಯಲ್ಲಿ ತೊಗರಿ, ಹೆಸರು, ಉದ್ದು, ಕಡಲೆ, ಮಸೂರ್ ಇದೆ. ಮಂಡ್ಯ ಮೈಸೂರಿನೋರು ಬೆಳೆದು ಉಣ್ಣೋ ಹುರುಳಿ ಇಲ್ಲ, ಅವರೆ ಇಲ್ಲ, ಅಲಸಂದೆ ಇಲ್ಲ. ಇವನ್ನ ಬೆಳೆಯೋರು ಮಂಡಿಯಲ್ಲಿ ಆ ದಿನ ಕೇಳಿದ ರೇಟಿಗೆ ಕೊಟ್ಟು ಬರ್ತಾರೆ, ಅದಕ್ಕೇ ರಾಗಿ ಸಾಲಿನ ಮಧ್ಯೆ ಅಕ್ಕಡಿಯಾಗಿ ಮನೆಗಾಗೋಷ್ಟು ಚೆಲ್ಲಿ ಸುಮ್ಮನಾಗ್ತಾರೆ.